ಹಳಸಿದ ಪೆಟ್ರೋಲ್ ಹೊರತೆಗೆಯುವುದು ಹೇಗೆ?

ವರ್ಷಗಟ್ಟಲೆ ನಿಂತ ಕಾರಿಗೆ ಹೊಸ ಬ್ಯಾಟರಿ ಹಾಕಿದ ಕೂಡಲೇ ಕೀ ತಿರುಗಿಸಬೇಡಿ. ಮೊದಲು ಪೆಟ್ರೋಲ್ ಮುಚ್ಚಳ ತೆಗೆಯಿರಿ. ತಾಜಾ ಪೆಟ್ರೋಲಿನ ಘಾಟಿನ ಬದಲು ಹಳೇ ವಾರ್ನಿಷ್‌ನಂಥ ಹುಳಿ ವಾಸನೆ ಬಂದರೆ ಅದು ಕೆಟ್ಟಿದೆ. ಬೇಗ ಆವಿಯಾಗುವ ಅಂಶಗಳು ಹಾರಿಹೋಗಿ, ಉಳಿದದ್ದು ಗಾಳಿಯ ಸಂಗಡ ಸೇರಿ ಅಂಟಾಗಿರುತ್ತದೆ. ಎಥೆನಾಲ್ ಬೆರೆತದ್ದಾದರೆ ಇನ್ನೊಂದು ಕಾಟ: ಅದು ತೇವ ಹೀರುತ್ತದೆ, ನೀರು ಹೆಚ್ಚಾದಾಗ ಎರಡೂ ಸೇರಿ ತಳಕ್ಕಿಳಿಯುತ್ತವೆ. ಪಂಪ್ ಪೆಟ್ರೋಲ್ ಎಳೆಯುವುದೂ ತಳದಿಂದಲೇ.

ಮೂರ್ನಾಲ್ಕು ತಿಂಗಳಷ್ಟೇ ನಿಂತಿದ್ದು, ಕಾಲು ಟ್ಯಾಂಕ್ ಮಾತ್ರ ಇದ್ದು, ವಾಸನೆ ಕೆಟ್ಟಿರದಿದ್ದರೆ ಹೊಸದನ್ನು ತುಂಬಿಸಿ ಓಡಿಸಿ. ತೆಗೆಯುವ ಗೋಜೇ ಬೇಡ.

ತೆಗೆಯಲೇಬೇಕಾದರೆ ಕಾರನ್ನು ತಳ್ಳಿಕೊಂಡು ಬಯಲಿಗೆ ತನ್ನಿ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ದೂರದ ಕಿಡಿಯನ್ನೂ ಮುಟ್ಟೀತು. ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಒಣ ಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ನೀರು ನಂಬಬೇಡಿ, ಉರಿಯುವ ಪೆಟ್ರೋಲ್ ಅದರ ಮೇಲೆ ತೇಲಿಕೊಂಡು ಹರಡುತ್ತದೆ.

ಇನ್ನು ಪೈಪ್ ಮತ್ತು ಪೆಟ್ರೋಲಿಗೆಂದೇ ಇರುವ ಹ್ಯಾಂಡ್ ಪಂಪ್. ಪೈಪಿಗೆ ಬಾಯಿ ಹಚ್ಚಿ ಎಳೆಯುವ ಹಳೇ ಚಾಳಿ ಮಾತ್ರ ಬೇಡವೇ ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಆಸ್ಪತ್ರೆಯೇ ಗತಿ. ಈಗಿನ ಅನೇಕ ಕಾರುಗಳ ಪೆಟ್ರೋಲ್ ಕೊಳವೆಯೊಳಗೆ ತಡೆ ಇರುತ್ತದೆ. ಪೈಪ್ ಅಲ್ಲಿ ನಿಂತರೆ ಒತ್ತಿ ತುರುಕಬೇಡಿ, ಮೆಕ್ಯಾನಿಕ್‌ನನ್ನು ಕರೆಸಿ. ಎಂಜಿನ್‌ಗೆ ಹೋಗುವ ಪೈಪ್ ಬಿಚ್ಚುವ ಸಾಹಸ ಮನೆಯವರದ್ದಲ್ಲ, ಒತ್ತಡ ಇಳಿಸದೆ ಬಿಚ್ಚಿದರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ.

ಮೊದಲ ಲೋಟದಷ್ಟನ್ನು ಗಾಜಿನ ಜಾಡಿಗೆ ಬಿಟ್ಟು, ಸ್ವಲ್ಪ ಹೊತ್ತು ಅಲುಗಿಸದೆ ಇಟ್ಟು ಹಗಲು ಬೆಳಕಿಗೆ ಹಿಡಿಯಿರಿ. ಕಂದು ಬಣ್ಣಕ್ಕೆ ತಿರುಗಿದ್ದರೆ, ಅಥವಾ ತಳದಲ್ಲಿ ಬೇರೆಯೇ ಪದರ ಕೂತು ನಡುವೆ ಗೆರೆ ಕಂಡರೆ, ಟ್ಯಾಂಕಿನಲ್ಲಿ ಒಂದು ಹನಿಯೂ ಉಳಿಯಬಾರದು.

ತುಂಬಿಸುವ ಕ್ಯಾನ್ ಪೆಟ್ರೋಲಿಗೆಂದೇ ಮಾಡಿದ್ದಿರಲಿ. ಅದನ್ನು ನೆಲದ ಮೇಲಿಟ್ಟೇ ತುಂಬಿಸಿ. ಡಿಕ್ಕಿಯ ಕಾರ್ಪೆಟ್ ಮೇಲಿಟ್ಟರೆ ಸ್ಥಾಯಿ ವಿದ್ಯುತ್ತಿನ ಕಿಡಿ ಹಾರೀತು. ಮೇಲೆ ಸ್ವಲ್ಪ ಜಾಗ ಬಿಡಿ, ‘ಹಳೇ ಪೆಟ್ರೋಲ್’ ಎಂದು ಬರೆದು ಅಂಟಿಸಿ. ಕುಡಿಯುವ ನೀರಿನ ಬಾಟಲಿಯಲ್ಲಿ ಇಡುವವರಿದ್ದಾರೆ. ಬಾಯಾರಿದ ಮಗುವಿಗೆ ಅದು ನೀರಿನಂತೆಯೇ ಕಾಣುತ್ತದೆ.

ತೆಗೆಯುವುದಕ್ಕಿಂತ ಕಷ್ಟದ ಕೆಲಸ ವಿಲೇವಾರಿ. ಚರಂಡಿಗೆ ಸುರಿದರೆ ಆವಿ ಕೊಳವೆಯೊಳಗೆ ತುಂಬಿ ಸ್ಫೋಟಿಸಬಹುದು, ಮಣ್ಣಿಗೆ ಸುರಿದರೆ ಅಂತರ್ಜಲ ಕೆಡುತ್ತದೆ. ಕಸ ಸುಡಲು, ಕೈ ತೊಳೆಯಲು ಬಳಸುವಂತಿಲ್ಲ. ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವ ಕೇಂದ್ರಕ್ಕೋ, ಒಪ್ಪುವ ಗ್ಯಾರೇಜಿಗೋ ಮೊದಲೇ ಫೋನ್ ಮಾಡಿ, ಎಷ್ಟು ಲೀಟರ್ ತೆಗೆದುಕೊಳ್ಳುತ್ತಾರೆಂದು ಕೇಳಿ ಒಯ್ಯಿರಿ. ಒರೆಸಿದ ಬಟ್ಟೆಯೂ ಅಲ್ಲಿಗೇ ಹೋಗಲಿ.

ಆಮೇಲೆ ಮೆಕ್ಯಾನಿಕ್‌ನಿಂದ ಪೆಟ್ರೋಲ್ ಫಿಲ್ಟರ್ ಬದಲಾಯಿಸಿಕೊಂಡು, ಬ್ಯಾಟರಿ ವೈರ್ ಜೋಡಿಸಿ, ಐದಾರು ಲೀಟರ್ ಹೊಸ ಪೆಟ್ರೋಲ್ ಹಾಕಿ. ಸ್ಟಾರ್ಟ್ ಮಾಡುವ ಮೊದಲು ಕೀಯನ್ನು ಎರಡು ಮೂರು ಸಲ ‘ಆನ್’ವರೆಗೆ ಮಾತ್ರ ತಿರುಗಿಸಿ. ಪಂಪ್ ಗುಂಯ್‌ಗುಟ್ಟಿ ನಿಂತ ಮೇಲೆ ಬಗ್ಗಿ ಕಾರಿನಡಿ ನೋಡಿ, ಎಲ್ಲೂ ತೊಟ್ಟಿಕ್ಕದಿದ್ದರೆ ಸ್ಟಾರ್ಟ್ ಮಾಡಬಹುದು.