ಗಾಳಿ ಕಡಿಮೆ, ತಂತಿ ಬಿಸಿ: ಕಾರಿನ ಎ.ಸಿ. ಬ್ಲೋವರ್ ಸರಿಪಡಿಸಿದ ನನ್ನ ಅನುಭವ

ನನ್ನ ಕಾರಿನ ಎ.ಸಿ.ಯಲ್ಲಿ ತಂಪಿಗೆ ಕೊರತೆ ಇರಲಿಲ್ಲ, ಗಾಳಿಗೆ ಇತ್ತು. ಬ್ಲೋವರ್ ಗುಂಡಿಯನ್ನು ನಾಲ್ಕನೆಯ ವೇಗಕ್ಕೆ ತಿರುಗಿಸಿದರೂ ಎರಡನೆಯ ವೇಗದಷ್ಟೇ ಗಾಳಿ ಬರುತ್ತಿತ್ತು. ಕೆಲಹೊತ್ತು ಓಡಿಸಿದ ಮೇಲೆ ಗ್ಲೋವ್ ಬಾಕ್ಸ್‌ನ ಹಿಂದಿನಿಂದ ಪ್ಲಾಸ್ಟಿಕ್ ಕಮರಿದ ವಾಸನೆಯೂ ಬರತೊಡಗಿತು. ಇಂಥ ದೂರಿಗೆ ಮೊದಲು ಸಿಗುವ ಸಲಹೆ ಗ್ಯಾಸ್ ತುಂಬಿಸಿ ಎಂಬುದು. ಗ್ಯಾಸ್ ಕಡಿಮೆಯಾಗಿ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದರೆ ಗಾಳಿ ಕುಗ್ಗುವುದುಂಟು, ಆದರೆ ಆಗ ಆರಂಭದಲ್ಲಿ ಚೆನ್ನಾಗಿ ಬಂದ ಗಾಳಿ ಬರಬರುತ್ತ ಇಳಿದು, ಎ.ಸಿ. ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋಗುತ್ತದೆ. ನನ್ನ ಕಾರಿನಲ್ಲಿ ಗಾಳಿ ಮೊದಲ ಕ್ಷಣದಿಂದಲೇ ದುರ್ಬಲವಾಗಿತ್ತು. ಆದ್ದರಿಂದ ಗ್ಯಾಸಿನ ವಿಚಾರವನ್ನು ಅಲ್ಲಿಗೇ ಬಿಟ್ಟೆ.

ಗ್ಲೋವ್ ಬಾಕ್ಸ್ ಕಳಚಿ ಕ್ಯಾಬಿನ್ ಫಿಲ್ಟರ್ ಹೊರತೆಗೆದಾಗ ಅದು ಧೂಳು, ಒಣ ಎಲೆಗಳಿಂದ ಮುಚ್ಚಿಹೋಗಿತ್ತು. ಫಿಲ್ಟರ್ ಕಟ್ಟಿಕೊಂಡರೆ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಅದರಿಂದಲೇ ವೈರ್ ಸುಡುತ್ತದೆ ಎಂದು ಹಲವರು ಹೇಳುತ್ತಾರೆ, ಇದು ಸರಿಯಲ್ಲ. ಕಾರುಗಳಲ್ಲಿರುವ ಉರುಳೆಯಾಕಾರದ ಬ್ಲೋವರ್ ಚಕ್ರಕ್ಕೆ ಗಾಳಿಯ ದಾರಿ ಮುಚ್ಚಿದಷ್ಟೂ ತಳ್ಳುವ ಕೆಲಸ ಕಡಿಮೆಯಾಗಿ ಕರೆಂಟ್ ಇಳಿಯುತ್ತದೆ. ಹಾನಿ ಆಗುವುದು ಬೇರೆ ದಾರಿಯಲ್ಲಿ. ವೇಗ ತಗ್ಗಿಸುವ ರೆಸಿಸ್ಟರ್ ತಣ್ಣಗಿರಲೆಂದು ಅದನ್ನು ಬ್ಲೋವರಿನ ಗಾಳಿಯ ಹಾದಿಯಲ್ಲೇ ಕೂರಿಸಿರುತ್ತಾರೆ. ಗಾಳಿ ನಿಂತರೆ ರೆಸಿಸ್ಟರ್ ಕಾದು, ಅದಕ್ಕೆ ಚುಚ್ಚಿರುವ ಕನೆಕ್ಟರಿನ ಹಿತ್ತಾಳೆ ಪಿನ್ನುಗಳು ಬಿಗಿ ಕಳೆದುಕೊಳ್ಳುತ್ತವೆ.

ಹೊಸ ಫಿಲ್ಟರ್ ಹಾಕಿದ ಮೇಲೆ ಗಾಳಿ ಕೊಂಚ ಸುಧಾರಿಸಿತಾದರೂ ವಾಸನೆ ಹೋಗಲಿಲ್ಲ. ರೆಸಿಸ್ಟರಿನ ಕನೆಕ್ಟರ್ ಎಳೆದು ನೋಡಿದರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ಗರಿಷ್ಠ ವೇಗದಲ್ಲಿ ಕರೆಂಟ್ ರೆಸಿಸ್ಟರಿನ ಸುರುಳಿಯನ್ನು ಬಿಟ್ಟು ಹೋಗುತ್ತದೆ, ಆದರೆ ನನ್ನ ಕಾರಿನಲ್ಲಿ ಅದೂ ಇದೇ ಕನೆಕ್ಟರಿನ ಒಂದು ಪಿನ್ನನ್ನು ದಾಟಲೇಬೇಕು. ಸುಟ್ಟದ್ದು ಅದೇ ಪಿನ್ನು.

ಕೈಗೆ ಸಿಕ್ಕ ಸುಟ್ಟ ಭಾಗವನ್ನು ಬದಲಿಸಿ ಮುಗಿಸುವ ಮೊದಲು ಅಳೆದು ನೋಡಬೇಕೆನಿಸಿತು. ಸಡಿಲ ಸಂಪರ್ಕವನ್ನು ಮಲ್ಟಿಮೀಟರಿನ ಓಮ್ ವಿಭಾಗದಲ್ಲಿ ಅಳೆದರೆ ಬಹುತೇಕ ಸೊನ್ನೆಯೇ ಕಾಣಿಸುತ್ತದೆ, ಏಕೆಂದರೆ ಮೀಟರ್ ಹರಿಸುವ ಕರೆಂಟ್ ತೀರಾ ಅಲ್ಪ. ಬ್ಲೋವರನ್ನು ಪೂರ್ಣ ವೇಗದಲ್ಲಿ ಓಡಿಸುತ್ತಲೇ ಸಂಪರ್ಕದ ಎರಡೂ ಬದಿಗೆ ಮೀಟರಿನ ತುದಿಗಳನ್ನಿಟ್ಟು ವೋಲ್ಟೇಜ್ ಕುಸಿತ ಅಳೆಯುವುದೇ ನಂಬತಕ್ಕ ವಿಧಾನ. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಮೋಟರಿನ ಬಳಿ 11.2 ವೋಲ್ಟ್ ಮಾತ್ರ. ಆ ಒಂದು ಪಿನ್ನಿನಲ್ಲೇ 1.9 ವೋಲ್ಟ್ ಕಳೆದುಹೋಗುತ್ತಿತ್ತು. ಡಿ.ಸಿ. ಅಳೆಯಬಲ್ಲ ಕ್ಲ್ಯಾಂಪ್ ಮೀಟರ್ 21 ಆಂಪಿಯರ್ ತೋರಿಸಿತು. ಎರಡನ್ನೂ ಗುಣಿಸಿದರೆ ಸುಮಾರು 40 ವಾಟ್, ಅಂದರೆ ಒಂದು ಬೆಸುಗೆ ಕಡ್ಡಿಯ ಶಾಖ, ಉಗುರಿನಷ್ಟು ಜಾಗದಲ್ಲಿ. ಗಾಳಿ ಏಕೆ ಕಡಿಮೆ, ತಂತಿ ಏಕೆ ಬಿಸಿ ಎಂಬ ಎರಡೂ ಪ್ರಶ್ನೆಗಳಿಗೆ ಬಹುಪಾಲು ಉತ್ತರ ಇಲ್ಲಿಯೇ ಇತ್ತು: ಮೋಟರಿಗೆ ಸೇರಬೇಕಾದ ಶಕ್ತಿ ಪಿನ್ನಿನಲ್ಲಿ ಶಾಖವಾಗಿ ಹೋಗುತ್ತಿತ್ತು. ಇಷ್ಟೆಲ್ಲ ಆಗುತ್ತಿದ್ದರೂ 30 ಆಂಪಿಯರ್ ಫ್ಯೂಸ್ ಹಾರದಿರುವುದರಲ್ಲಿ ಆಶ್ಚರ್ಯವಿಲ್ಲ. ಫ್ಯೂಸ್ ರಕ್ಷಣೆ ಕೊಡುವುದು ಮಿತಿ ಮೀರಿದ ಕರೆಂಟಿನಿಂದ, ಕೆಟ್ಟ ಸಂಪರ್ಕದ ಶಾಖ ಅದಕ್ಕೆ ತಿಳಿಯುವುದೇ ಇಲ್ಲ.

ವೋಲ್ಟೇಜ್ ಇಷ್ಟು ಕಡಿಮೆಯಿದ್ದೂ 21 ಆಂಪಿಯರ್ ಎಳೆಯುತ್ತಿದ್ದುದು ಮಾತ್ರ ಇನ್ನೊಂದು ಕಡೆಗೆ ಬೊಟ್ಟು ಮಾಡುತ್ತಿತ್ತು. ಬ್ಲೋವರ್ ಮೋಟರ್ ಬಿಚ್ಚಿ ಚಕ್ರವನ್ನು ಕೈಯಿಂದ ತಿರುಗಿಸಿದರೆ ಅದು ಸರಾಗವಾಗಿ ಸುತ್ತದೆ ತಕ್ಷಣ ನಿಲ್ಲುತ್ತಿತ್ತು. ಮೋಟರಿನ ದಂಡವನ್ನು ಹಿಡಿದಿಡುವ ಬುಷ್ ಒಣಗಿ ಸವೆದಿತ್ತು; ಈ ಬಿಗಿತದಿಂದಲೇ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತಿತ್ತು. ಎಣ್ಣೆ ಬಿಟ್ಟು ನಡೆಸುವವರಿದ್ದಾರೆ, ಆದರೆ ಆ ಎಣ್ಣೆ, ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್‌ಗೆ ತಾಗಿದರೆ ಮೋಟರ್ ಹೆಚ್ಚು ಕಾಲ ಬಾಳದು. ಹೊಸ ಮೋಟರನ್ನೇ ಹಾಕಿದೆ.

ವೈರಿಂಗ್ ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಇರುವುದರಿಂದ ಕೆಲವು ನಿಮಿಷ ಕಾದೆ. ಕನೆಕ್ಟರಿನ ಹಿಂದಿನ ತಂತಿ ಒಳಗೆ ಕಪ್ಪಾಗಿ ಗಡಸಾಗಿತ್ತು. ಹೊಳೆಯುವ ತಾಮ್ರ ಕಾಣುವವರೆಗೂ ಹಿಂದಕ್ಕೆ ಕತ್ತರಿಸಿದೆ. ಹಳೆಯ ರೆಸಿಸ್ಟರಿಗೆ ಹೊಸ ಕನೆಕ್ಟರ್ ಹಾಕಿದರೆ ಕಪ್ಪುಗಟ್ಟಿದ ಪಿನ್ನು ಅದನ್ನೂ ಸುಡುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಬದಲಿಸಿದೆ. ತಂತಿಗಳ ದಪ್ಪ ಮೂಲದಷ್ಟೇ ಇರುವಂತೆ ನೋಡಿಕೊಂಡು, ಜೋಡಣೆಗಳು ಒಂದೇ ಸಾಲಿನಲ್ಲಿ ಬಾರದಂತೆ ಹಿಂದೆಮುಂದೆ ಮಾಡಿ ಕ್ರಿಂಪ್ (ಲೋಹದ ತುಣುಕನ್ನು ಒತ್ತಿ ತಂತಿ ಬಿಗಿಯುವ ಜೋಡಣೆ) ಹಾಕಿ, ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವ್ ಎಳೆದೆ. ಬೆಸುಗೆ ಹಾಕಲಿಲ್ಲ: ಬೆಸುಗೆ ಮುಗಿಯುವ ಕಡೆ ತಂತಿ ಪೆಡಸಾಗಿ, ವಾಹನದ ಅದುರಾಟಕ್ಕೆ ಅಲ್ಲೇ ತುಂಡಾಗುವ ಸಾಧ್ಯತೆ ಇರುತ್ತದೆ. ಅರ್ತ್ ಬೋಲ್ಟನ್ನೂ ಉಜ್ಜಿ ಬಿಗಿಮಾಡಿದೆ.

ಈಗ ಪೂರ್ಣ ವೇಗದಲ್ಲಿ ಮೋಟರಿಗೆ 13.2 ವೋಲ್ಟ್ ತಲುಪುತ್ತದೆ, ಕರೆಂಟ್ 17 ಆಂಪಿಯರ್, ಕನೆಕ್ಟರಿನ ಕುಸಿತ 0.1 ವೋಲ್ಟಿಗಿಂತ ಕಡಿಮೆ. ಕಡಿಮೆ ವೇಗಗಳಲ್ಲಿ ರೆಸಿಸ್ಟರ್ ಬಿಸಿಯಾಗುವುದು ಸಹಜ, ಅದರ ಕೆಲಸವೇ ಅದು; ಆದ್ದರಿಂದ ಕನೆಕ್ಟರಿನ ಶಾಖವನ್ನು ನಾನು ಗರಿಷ್ಠ ವೇಗದಲ್ಲೇ ಓಡಿಸಿ ಪರೀಕ್ಷಿಸುತ್ತೇನೆ, ಫಿಲ್ಟರ್ ಬದಲಿಸಲು ಗ್ಲೋವ್ ಬಾಕ್ಸ್ ತೆರೆದಾಗಲೆಲ್ಲ.