ಬೇರು ತೊಳೆದು ದಿಬ್ಬದ ಮೇಲೆ ನೆಟ್ಟ ಜಪಾನೀಸ್ ಮೇಪಲ್: ನನ್ನ ಅನುಭವ

ನನ್ನ ತೋಟದಲ್ಲಿ ಈಗ 11 ಜಪಾನೀಸ್ ಮೇಪಲ್ ಇವೆ, ಎಲೆಯ ಬಣ್ಣ, ಆಕಾರದ ಚೆಂದಕ್ಕಾಗಿ ಬೆಳೆಸುವ ಸಣ್ಣ ಮರಗಳು. ಅದರಲ್ಲಿ 8 ಗಿಡಗಳ ಬೇರಿನ ಮಣ್ಣನ್ನೆಲ್ಲ ನೀರಲ್ಲಿ ತೊಳೆದು, ನೆಲಕ್ಕಿಂತ ಎತ್ತರದಲ್ಲಿ ದಿಬ್ಬ ಮಾಡಿ ನೆಟ್ಟಿದ್ದೇನೆ. ಎಂಟೂ ಬದುಕಿವೆ. ಎಲ್ಲಕ್ಕಿಂತ ಹಳೆಯದನ್ನು ನೆಟ್ಟು ಆರು ವರ್ಷ ಆಯ್ತು.

ಶುರು ಮಾಡಿದಾಗ ಗೆಳೆಯರು ಯಾರೂ ಒಪ್ಪಿರಲಿಲ್ಲ. ಇಪ್ಪತ್ತು ವರ್ಷದಿಂದ ಮೇಪಲ್ ಬೆಳೆಸುತ್ತಿರುವ ಹಿರಿಯರೊಬ್ಬರು, "ಬೇರು ಬರಿದು ಮಾಡಿದ್ರೆ ಗಿಡ ಎರಡನೇ ಬೇಸಿಗೆ ನೋಡಲ್ಲ. ಸುಮ್ನೆ ದುಡ್ಡು ಕಳೀಬೇಡಿ" ಅಂದಿದ್ದರು. ಹೋದ ವರ್ಷ ಅವರೇ ಬಂದು ನನ್ನ ಸೆಯ್‌ರ್ಯೂ ಎಂಬ ತಳಿಯ ಗಿಡದ ಬುಡ ಅಲ್ಲಾಡಿಸಿ ನೋಡಿದರು. ಒಂಚೂರೂ ಅಲುಗಲಿಲ್ಲ. ಅವತ್ತೇ ಇದನ್ನು ಬರೆದಿಡಬೇಕು ಅನ್ನಿಸಿತು.

ಅದಕ್ಕಿಂತ ಮೊದಲು ಕಳೆದುಕೊಂಡದ್ದನ್ನು ಹೇಳುತ್ತೇನೆ. ಮೊದಲ ಏಳೆಂಟು ವರ್ಷದಲ್ಲಿ ಒಂಬತ್ತೋ ಹತ್ತೋ ಗಿಡ ಹೋದವು.

ಮೊದಲನೆಯದು ಬ್ಲಡ್‌ಗುಡ್ ಎಂಬ ಕೆಂಪೆಲೆಯ ತಳಿ. 50 ಲೀಟರ್ ಕುಂಡದಲ್ಲಿ ನನಗಿಂತ ಎತ್ತರ ಇತ್ತು. ಆ ಒಂದು ಗಿಡದ ದುಡ್ಡಿಗೆ 3 ಲೀಟರ್ ಕುಂಡದ ಸಣ್ಣ ಗಿಡಗಳು ಎಂಟಾದರೂ ಬರುತ್ತಿದ್ದವು. ಎತ್ತಿ ಇಡೋಕೆ ಮೂರು ಆಳು ಬೇಕಾಯಿತು, ಆ ಕೂಲಿ ಬೇರೆ. ನನ್ನದು ಜೇಡಿಮಣ್ಣು. ಎರಡೂವರೆ ಅಡಿ ಗುಂಡಿ ತೋಡಿ, ಕಾಂಪೋಸ್ಟ್ ಮತ್ತು ಪೀಟ್ (ಜೌಗು ನೆಲದ ಕೊಳೆತ ಪಾಚಿ) ತುಂಬಿ ನೆಟ್ಟೆ. ಮಳೆ ಬಂದಾಗ ಸುತ್ತಲಿನ ಜೇಡಿ ನೀರನ್ನು ಬಿಟ್ಟುಕೊಡಲಿಲ್ಲ. ಗುಂಡಿ ಬಕೆಟ್‌ನಂತೆ ತುಂಬಿ ನಿಂತಿತು. ಎರಡನೇ ವರ್ಷ ಚಳಿ ಮುಗಿದಾಗ ಮೊಗ್ಗು ಉಬ್ಬಿದವು, ಬಿಚ್ಚಲೇ ಇಲ್ಲ. ಕಿತ್ತು ನೋಡಿದರೆ ಬೇರು ಕಪ್ಪಾಗಿ ನಾರುತ್ತಿತ್ತು. ಬೆರಳಲ್ಲಿ ಎಳೆದರೆ ಸಿಪ್ಪೆ ಕೈಗೇ ಬರುತ್ತಿತ್ತು. ಇನ್ನೂ ಒಂದು ಸಂಗತಿ ಕಂಡಿತು. ಬೇರಿನ ಮುದ್ದೆ ಇನ್ನೂ ಕುಂಡದ ಆಕಾರದಲ್ಲೇ ಇತ್ತು. ಒಂದೇ ಒಂದು ಬೇರೂ ನನ್ನ ಮಣ್ಣಿಗೆ ಇಳಿದಿರಲಿಲ್ಲ. ಅವತ್ತು ಕೊಳೆತದ್ದಷ್ಟೇ ಮನಸ್ಸಿನಲ್ಲಿ ಉಳಿಯಿತು, ಮುದ್ದೆಯ ವಿಷಯ ತಲೆಗೆ ಹೋಗಲು ಇನ್ನೂ ನಾಲ್ಕು ವರ್ಷ ಬೇಕಾಯಿತು.

ಎರಡನೆಯದು ಕ್ರಿಮ್ಸನ್ ಕ್ವೀನ್, ಸಾಯಲಿಲ್ಲ, ಆದರೆ ಕೆಟ್ಟಿತು. ಪಶ್ಚಿಮದ ಗೋಡೆ ಪಕ್ಕ ಚೆನ್ನಾಗಿ ಕಾಣುತ್ತೆ ಅಂತ ನೆಟ್ಟೆ. ಸಂಜೆ ಬಿಸಿಲು, ಮೇಲೆ ಗೋಡೆಯ ಕಾವು. ನಡು ಬೇಸಿಗೆಗೆ ಎಲೆಯ ಅಂಚೆಲ್ಲ ಹಪ್ಪಳದಂತೆ ಒಣಗುತ್ತಿತ್ತು. ನೀರು ಸಾಲುತ್ತಿಲ್ಲ ಅಂದುಕೊಂಡು ಇನ್ನೂ ಜಾಸ್ತಿ ಹಾಕಿದೆ. ಮಣ್ಣಲ್ಲಿ ನೀರಿತ್ತು. ಎಲೆ ಕಳೆದುಕೊಳ್ಳುವ ವೇಗಕ್ಕೆ ಬೇರು ಒದಗಿಸಲಾಗುತ್ತಿರಲಿಲ್ಲ, ಅಷ್ಟೇ. ಮೂರು ವರ್ಷದ ಮೇಲೆ ಅದನ್ನು ಮುದ್ದೆ ಸಮೇತ ಪೂರ್ವಕ್ಕೆ ಸಾಗಿಸಿದೆ. ಬದುಕಿದೆ, ಆದರೆ ಹೇಳಿಕೊಳ್ಳುವಷ್ಟು ಬೆಳೆದಿಲ್ಲ.

ಸಾಂಗೋ ಕಾಕು ಹೋದದ್ದು ನನ್ನ ಕತ್ತರಿಯಿಂದ. ಚಳಿಗಾಲದಲ್ಲಿ ಹವಳದಂಥ ಆ ರೆಂಬೆಗಳಿಗಾಗಿಯೇ ಅದನ್ನು ತಂದಿದ್ದೆ. ರಸ ಏರುವ ಹೊತ್ತಿಗೆ, ಜಿಟಿಜಿಟಿ ಮಳೆಯಲ್ಲಿ ಸವರಿದೆ. ಗಾಯದಿಂದ ರಸ ಸುರಿಯಿತು. ತಿಂಗಳೊಳಗೆ ತುದಿಯಿಂದ ಕೆಳಕ್ಕೆ ಕಪ್ಪು ಇಳಿಯುತ್ತಾ ಬಂತು. ಅದು ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಕೆಲಸ. ಒದ್ದೆ ಹವೆ, ಹಸಿ ಗಾಯ ಎರಡೂ ಸೇರಿದರೆ ಅದಕ್ಕೆ ಹಬ್ಬ. ಈಗ ನಾನು ಸವರುವುದು ಬೇಸಿಗೆ ಇಳಿಯುವಾಗ, ಒಣ ಹವೆ ಇರುವ ದಿನ ಮಾತ್ರ.

ಮನಸ್ಸಿಗೆ ಜಾಸ್ತಿ ನೋವಾದದ್ದು ವರ್ಟಿಸಿಲಿಯಂ ಎಂಬ ಶಿಲೀಂಧ್ರದಿಂದ. ಇಡೀ ಗಿಡ ನಳನಳಿಸುತ್ತಿರುವಾಗ ಒಂದು ಕೊಂಬೆ ಮಾತ್ರ ಬಾಡಿತು. ಅಡ್ಡ ಕತ್ತರಿಸಿದರೆ ಸಿಪ್ಪೆಯ ಒಳಗಡೆ ಕಂದು ಹಸಿರು ಗೆರೆಗಳು. ಇದಕ್ಕೆ ಔಷಧಿ ಇಲ್ಲ. ಗಿಡ ಕಿತ್ತೆ, ಮುಂದಿನ ವರ್ಷ ಅದೇ ಜಾಗದಲ್ಲಿ ಇನ್ನೊಂದು ಮೇಪಲ್ ನೆಟ್ಟೆ. ಆ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಬದುಕುತ್ತದೆ ಅಂತ ಆಗ ಗೊತ್ತಿರಲಿಲ್ಲ. ಎರಡು ಗಿಡದ ದುಡ್ಡು ಒಂದೇ ಗುಂಡಿಗೆ ಹೋಯಿತು. ಈಗ ಅಲ್ಲಿ ಬರೀ ಹುಲ್ಲು ಬಿಟ್ಟಿದ್ದೇನೆ.

ಇನ್ನೊಂದು ಸೀಳೆಲೆಯ ಕೆಂಪು ಗಿಡ ಇತ್ತು. ಕಸಿ ಗಂಟು ಮಣ್ಣೊಳಗೆ ಹೋಗುವಷ್ಟು ಆಳಕ್ಕೆ ನೆಟ್ಟಿದ್ದೆ. ಗಂಟಿನ ಕೆಳಗಿನ ಬೇರುಗಿಡದಿಂದ ಹಸಿರು ಚಿಗುರು ಎದ್ದು, ಎರಡೇ ವರ್ಷದಲ್ಲಿ ಮೇಲಿನ ಕೆಂಪನ್ನು ನುಂಗಿಹಾಕಿತು.

ಮುದ್ದೆ ಬಿಡಿಸಿದರೆ ಬೇರು ಮಣ್ಣಿಗೆ ಇಳಿಯುತ್ತದೆ, ದಿಬ್ಬವಾದರೆ ನೀರು ನಿಲ್ಲುವುದಿಲ್ಲ ಅನ್ನುವುದೇ ಇದರಿಂದ ಕಲಿತದ್ದು. ಇನ್ನು ನೆಡುವ ಕ್ರಮ. ಚಳಿ ಮುಗಿಯುತ್ತಾ ಬಂದಾಗ, ಮೊಗ್ಗು ಉಬ್ಬಿ ಕೆಂಪಾಗಿರಬೇಕು, ಬಿಚ್ಚಿರಬಾರದು. ನನಗೆ ಸಿಗುವ ಸಮಯ ಹೆಚ್ಚೆಂದರೆ ಎರಡು ವಾರ. 3ರಿಂದ 5 ಲೀಟರ್ ಕುಂಡದ ಗಿಡವನ್ನೇ ತರುತ್ತೇನೆ. ಬುಡ ಹೆಬ್ಬೆರಳಿಗಿಂತ ದಪ್ಪ ಇದ್ದರೆ ಬೇಡ. ದೊಡ್ಡ ತೊಟ್ಟಿಯ ನೀರಲ್ಲಿ ಅರ್ಧ ಗಂಟೆ ನೆನೆಸಿ, ಮರದ ಕಡ್ಡಿಯಿಂದ ಮೆಲ್ಲಗೆ ಬಿಡಿಸುತ್ತೇನೆ. ಮಣ್ಣು, ಪೀಟ್, ಗೊಬ್ಬರದ ಗುಳಿಗೆ, ಎಲ್ಲ ಹೋಗಬೇಕು. ಆಗ ಬೇರಿನ ನಿಜ ಸ್ಥಿತಿ ಕಾಣುತ್ತದೆ. ನಾನು ತೊಳೆದ 8 ಗಿಡಗಳಲ್ಲಿ 6ರ ಬೇರು ಕುಂಡದೊಳಗೆ ಸುತ್ತು ಹಾಕಿದ್ದವು. ಎರಡರಲ್ಲಿ ಒಂದು ದಪ್ಪ ಬೇರು ಬುಡಕ್ಕೇ ಸುತ್ತಿಕೊಂಡಿತ್ತು. ಹಾಗೇ ನೆಟ್ಟಿದ್ದರೆ ಹತ್ತು ವರ್ಷದ ಮೇಲೆ ಅದೇ ಬೇರು ಗಿಡದ ಕತ್ತು ಹಿಸುಕುತ್ತಿತ್ತು. ಸುತ್ತಿದ್ದು, ಕೆಳಕ್ಕೆ ನೇರ ಇಳಿದದ್ದು, ಎರಡನ್ನೂ ಕತ್ತರಿಸುತ್ತೇನೆ. ಸುಮಾರು ಮೂರನೇ ಒಂದು ಭಾಗ ಬೇರು ಹೋಗುತ್ತದೆ. ಕೈ ನಡುಗುತ್ತೆ ನಿಜ, ಆದರೂ ಕತ್ತರಿಸಬೇಕು. ಕೆಲಸ ಮಾಡುವಷ್ಟು ಹೊತ್ತೂ ಬೇರಿಗೆ ಒದ್ದೆ ಗೋಣಿ ಹೊದಿಸಿರುತ್ತೇನೆ. ಗಾಳಿಗೆ ಹತ್ತು ನಿಮಿಷ ಬಿಟ್ಟರೂ ಎಳೆ ಬೇರು ಒಣಗುತ್ತದೆ.

ಗುಂಡಿ ತೋಡುವುದಿಲ್ಲ. ನೆಲವನ್ನು ಒಂದಡಿ ಸಡಿಲ ಮಾಡಿ, ಅದರ ಮೇಲೆ 30 ಸೆಂ.ಮೀ. ಎತ್ತರ, ನಾಲ್ಕೈದು ಅಡಿ ಅಗಲದ ದಿಬ್ಬ ಕಟ್ಟುತ್ತೇನೆ. ಅರ್ಧ ನಮ್ಮದೇ ಮಣ್ಣು, ಕಾಲು ಭಾಗ ಪೈನ್ ತೊಗಟೆ ಚೂರು, ಕಾಲು ಭಾಗ ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲಿನ ಚೂರು). ಪ್ಯೂಮಿಸ್ ಸಿಗದಿದ್ದಾಗ ದಪ್ಪ ಜಲ್ಲಿಮರಳು ಹಾಕಿದ್ದೇನೆ, ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕಾಂಪೋಸ್ಟ್ ಒಂದು ಹಿಡಿಯೂ ಇಲ್ಲ. ದಿಬ್ಬದ ಮೇಲೆ ಬೇರನ್ನು ಬೆರಳು ಹರಡಿದಂತೆ ಸುತ್ತಲೂ ಹರಡಿ, ಮೇಲೆ ನಾಲ್ಕು ಬೆರಳು ಮಣ್ಣು. ಬುಡ ಅಗಲವಾಗಿ ಬೇರುಗಳಾಗಿ ಹರಡುವ ಜಾಗ ಕಣ್ಣಿಗೆ ಕಾಣಬೇಕು. ಮುದ್ದೆಯ ಭಾರ ಇಲ್ಲದ ಕಾರಣ ಮೊದಲ ವರ್ಷ ಎರಡು ಗೂಟ ಬೇಕೇ ಬೇಕು. ಮೇಲೆ 5ರಿಂದ 7 ಸೆಂ.ಮೀ. ತೊಗಟೆ ಹೊದಿಕೆ, ಬುಡದಿಂದ ಒಂದು ಗೇಣು ದೂರ. ಮೊದಲ ಬೇಸಿಗೆ ಮಧ್ಯಾಹ್ನಕ್ಕೆ ಶೇಡ್ ನೆಟ್. ಮೊದಲ ವರ್ಷ ಗೊಬ್ಬರ ಇಲ್ಲ. ನೀರನ್ನು ದಿನ ಲೆಕ್ಕ ಹಾಕಿ ಕೊಡುವುದಿಲ್ಲ, ಬೆರಳು ಹಾಕಿ ನೋಡಿ ಕೊಡುತ್ತೇನೆ. ದಿಬ್ಬ ಬೇಗ ಒಣಗುತ್ತದೆ, ಅದನ್ನು ಮರೆತರೆ ಇಷ್ಟೆಲ್ಲ ಮಾಡಿದ್ದೂ ದಂಡ.

ಇದು ಎಷ್ಟು ಉಪಯೋಗ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಜೋಡಿ ಇದೆ. ಒಂದೇ ಬ್ಯಾಚಿನ ಎರಡು ಸೆಯ್‌ರ್ಯೂ ತಂದಿದ್ದೆ. ಒಂದನ್ನು ತೊಳೆದು ನೆಟ್ಟೆ, ಇನ್ನೊಂದನ್ನು ಮುದ್ದೆ ಸಮೇತ ಪಕ್ಕದಲ್ಲೇ ಅಂಥದೇ ದಿಬ್ಬದ ಮೇಲೆ ನೆಟ್ಟೆ. ಮೊದಲ ವರ್ಷ ಮುದ್ದೆಯದು ಒಂದಡಿ ಚಿಗುರಿತು, ತೊಳೆದದ್ದು ನಾಲ್ಕೈದು ಇಂಚು. ಗೆಳೆಯರು ಬಂದು ನೋಡಿ, "ನಾವು ಹೇಳಿರಲಿಲ್ವಾ?" ಅಂದರು. ಎರಡನೇ ವರ್ಷ ಸುಮಾರು ಸಮ. ಮೂರನೇ ವರ್ಷ ತೊಳೆದದ್ದು ಎರಡಡಿ ಹಾರಿತು. ನಾಲ್ಕನೇ ವರ್ಷ ಜೋರು ಗಾಳಿಗೆ ಮುದ್ದೆಯದು ವಾಲಿತು. ತೋಡಿ ನೋಡಿದರೆ ನಾಲ್ಕು ವರ್ಷದ ಮೇಲೂ ಬೇರು ಅದೇ ಹಳೇ ವೃತ್ತದಲ್ಲಿ ಸುತ್ತುತ್ತಿತ್ತು. ಪಕ್ಕದ್ದು ನೆಟ್ಟಗೆ ನಿಂತಿತ್ತು. ವಾಲಿದ್ದನ್ನೂ ಎತ್ತಿ ಕಟ್ಟಿ ಉಳಿಸಿಕೊಂಡಿದ್ದೇನೆ, ಆದರೆ ಅದರ ಮೇಲೆ ನನಗೆ ಭರವಸೆ ಇಲ್ಲ.

ತಳಿ ಆರಿಸುವ ವಿಷಯಕ್ಕೆ ಬಂದರೆ, ಜಾಗ ನೋಡದೆ ಬಣ್ಣ ನೋಡಿ ತಂದ ಗಿಡಗಳೇ ನನ್ನಲ್ಲಿ ಜಾಸ್ತಿ ಸತ್ತಿವೆ. ಅರ್ಧ ದಿನ ಬಿಸಿಲಿರುವ ಕಡೆ ಬ್ಲಡ್‌ಗುಡ್, ಎಂಪರರ್ 1, ಒಸಾಕಾಜುಕಿ ಚೆನ್ನಾಗಿ ತಾಳುತ್ತವೆ. ಎಂಪರರ್ 1 ಬ್ಲಡ್‌ಗುಡ್‌ಗಿಂತ ತಡವಾಗಿ ಚಿಗುರುವುದರಿಂದ ಕೊನೆಯ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಿಂದ ತಪ್ಪಿಸಿಕೊಳ್ಳುತ್ತದೆ. ನನ್ನ ಬ್ಲಡ್‌ಗುಡ್ ಎರಡು ಸಲ ಎಳೆ ಎಲೆ ಸುಟ್ಟುಕೊಂಡ ವರ್ಷಗಳಲ್ಲೂ ಅದಕ್ಕೆ ಏನೂ ಆಗಲಿಲ್ಲ. ಕೆಂಪು ತಳಿಯನ್ನು ತೀರಾ ನೆರಳಿಗೆ ಇಟ್ಟರೆ ಹಸಿರಿಗೆ ತಿರುಗುತ್ತದೆ. ಉಕಿಗುಮೊ, ಬಟರ್‌ಫ್ಲೈ ಥರದ ಬಿಳಿ ಬೆರೆತ ಎಲೆಗಳಿಗೆ ಬೆಳಗಿನ ಬಿಸಿಲು ಮಾತ್ರ ಸಾಕು. ಸೀಳೆಲೆಯ ತಳಿಗಳಲ್ಲಿ ಹೆಚ್ಚಿನವು ಜೋತುಬೀಳುತ್ತವೆ, ಸೆಯ್‌ರ್ಯೂ ಹಾಗಲ್ಲ, ನೆಟ್ಟಗೆ ಬೆಳೆಯುತ್ತದೆ. ಅದಕ್ಕೇ ನನಗೆ ಅದರ ಮೇಲೆ ಅಷ್ಟು ಪ್ರೀತಿ. ಜಪಾನಿನವರು ಈ ಮರಕ್ಕೆ ಹೇಳುವ ಕಾಯೆದೆ ಎಂಬ ಹೆಸರು 'ಕಪ್ಪೆಯ ಕೈ' ಅನ್ನುವ ಮಾತಿನಿಂದ ಬಂದದ್ದು. ಒಸಾಕಾಜುಕಿಯ ಎಳೆ ಎಲೆ ಬಿಚ್ಚುವಾಗ ಹತ್ತಿರ ಕೂತು ನೋಡಿ, ಹೆಸರು ಎಷ್ಟು ಸರಿ ಅಂತ ತಿಳಿಯುತ್ತದೆ.

ನರ್ಸರಿಯಲ್ಲಿ ಕಸಿ ಗಂಟು ನಯವಾಗಿದೆಯಾ, ರೆಂಬೆಯ ಮೇಲೆ ಕಪ್ಪು ಮಚ್ಚೆ ಇದೆಯಾ ಅಂತ ನೀವೂ ನೋಡುತ್ತೀರಿ. ನಾನು ಎಲೆಯ ತೊಟ್ಟಿನಲ್ಲಿ ಇನ್ನೊಂದು ಗುರುತು ನೋಡುತ್ತೇನೆ. ಇನ್ನೂ ನಾಲ್ಕು ವರ್ಷ ಪರೀಕ್ಷೆ ಮಾಡುವವರೆಗೆ ಅದು ನನ್ನಲ್ಲೇ ಇರಲಿ.

ಇದರ ಮಧ್ಯೆ ಬೀಜದ ಹುಚ್ಚೂ ಹಿಡಿಯಿತು. ಒಸಾಕಾಜುಕಿಯ ರೆಕ್ಕೆ ಬೀಜ ಹಸಿರಿನಿಂದ ಕಂದಿಗೆ ತಿರುಗುವಾಗಲೇ ಕಿತ್ತು, ಒಣಗಲು ಬಿಡದೆ ಒದ್ದೆ ಪೀಟ್‌ನಲ್ಲಿ ಸುತ್ತಿ ಮೂರೂವರೆ ತಿಂಗಳು ಫ್ರಿಜ್‌ನಲ್ಲಿಟ್ಟೆ. 200ರಲ್ಲಿ 130ರ ಆಸುಪಾಸು ಹುಟ್ಟಿದವು. ಕೊಂಡು ತಂದ ಒಣ ಬೀಜ ಅಷ್ಟೇ ಇಟ್ಟಿದ್ದೆ, ಆ ವರ್ಷ ಐದೋ ಆರೋ ಹುಟ್ಟಿದವು. ಆ ಕುಂಡವನ್ನು ಎಸೆಯದೆ ಇಟ್ಟಿದ್ದಕ್ಕೆ ಮುಂದಿನ ವರ್ಷ ಇನ್ನೊಂದು ಇಪ್ಪತ್ತು ಎದ್ದವು. ಬೀಜದ ಸಸಿಗಳು ತಾಯಿಯಂತೆ ಬರುವುದಿಲ್ಲ. ಒಂದರ ಎಲೆ ಇನ್ನೊಂದಕ್ಕಿಲ್ಲ. ಪೂರ್ತಿ ಬಿಸಿಲಲ್ಲಿ ಬಿಟ್ಟು ನೋಡಿದೆ. ಎರಡು ಬೇಸಿಗೆಯಲ್ಲಿ ಎಲೆ ಸುಡದೆ ಉಳಿದದ್ದು ಮೂರು. ಅವನ್ನು ಬೇರೆ ಇಟ್ಟಿದ್ದೇನೆ. ಉಳಿದವು ಕಸಿಗೆ.

ಕಸಿಯಲ್ಲಿ ಮೊದಲ ವರ್ಷ 20ಕ್ಕೆ 3 ಹಿಡಿದವು, ಎರಡನೇ ವರ್ಷ 9, ಹೋದ ವರ್ಷ 14. ಚಾಕುವಿನ ಕೆಲಸ ಮೂರು ವರ್ಷವೂ ಒಂದೇ. ಬದಲಾದದ್ದು ಕಟ್ಟಿದ ಮೇಲಿನ ಮೂರು ವಾರದ ಆರೈಕೆ. ಅದನ್ನೂ ಸದ್ಯಕ್ಕೆ ಹೇಳುವುದಿಲ್ಲ. ಕಡ್ಡಿ ನೆಟ್ಟು ಬೇರು ಬರಿಸಿದ್ದೂ ಉಂಟು. ಅರ್ಧಕ್ಕರ್ಧ ಬೇರು ಬಿಟ್ಟವು, ಚಳಿಗಾಲ ದಾಟಿದ್ದು ಒಂದೂ ಇಲ್ಲ. ಬೇರು ಬಂದ ಮೇಲೆ ಅದೇ ಬೇಸಿಗೆಯಲ್ಲಿ ಹೊಸ ಚಿಗುರು ಒಡೆಯದಿದ್ದರೆ ಅವು ಉಳಿಯುವುದು ಕಷ್ಟ. ಗೂಟಿ ಕಟ್ಟಿದ್ದು ಅದಕ್ಕಿಂತ ವಾಸಿ. ಎಲೆ ಬಲಿತ ಮೇಲೆ ಸಿಪ್ಪೆ ತೆಗೆದು ಒದ್ದೆ ಪಾಚಿ ಕಟ್ಟಿದರೆ ಮೂರು ತಿಂಗಳಿಗೆ ಬೇರು. 5ರಲ್ಲಿ 4 ಗೆದ್ದಿವೆ.

ಲೆಕ್ಕ ಹಾಕಿದರೆ, ದಿಬ್ಬದ ಮಣ್ಣು, ತೊಗಟೆ, ನೆಟ್ ಎಲ್ಲ ಸೇರಿ ಒಂದು ಗಿಡಕ್ಕೆ 3 ಲೀಟರ್ ಕುಂಡದ ಸಣ್ಣ ಗಿಡದ ಬೆಲೆಯಷ್ಟೇ ಖರ್ಚು ಬರುತ್ತದೆ. ಅಂದರೆ ಆ ಮೊದಲ ಬ್ಲಡ್‌ಗುಡ್ ಒಂದರ ದುಡ್ಡಲ್ಲಿ ನಾಲ್ಕು ಗಿಡ, ದಿಬ್ಬ ಸಮೇತ.

ಈ ಚಳಿ ಮುಗಿಯುವಾಗ ಆ ಹಿರಿಯರ ಶಿಶಿಗಾಶಿರಾ ತಳಿಯ ಮೇಪಲ್ ಗಿಡದ ಬೇರು ತೊಳೆಯಬೇಕು. ಅವರೇ ಕೇಳಿದರು. ಅದು ಹದಿನೈದು ವರ್ಷ ಕುಂಡದಲ್ಲೇ ಇದ್ದದ್ದು, ಸಣ್ಣ ಗಿಡದಂತೆ ಒಂದೇ ಸಲ ಬರಿದು ಮಾಡುವ ಹಾಗಿಲ್ಲ. ಈ ವರ್ಷ ಒಂದು ಪಕ್ಕ ಮಾತ್ರ, ಇನ್ನೊಂದು ಪಕ್ಕ ಎರಡು ವರ್ಷ ಬಿಟ್ಟು ಅಂತ ಮಾತಾಡಿಕೊಂಡಿದ್ದೇವೆ. ತೊಟ್ಟಿ ನಾನೇ ತರುತ್ತೇನೆ ಅಂತ ಹೇಳಿದ್ದೇನೆ.