ಕೈ ಬಿಟ್ಟರೆ ನಿಲ್ಲಬೇಕು: ಹುಲ್ಲು ಕತ್ತರಿಸುವ ಯಂತ್ರದ ಬಳಕೆ ಮತ್ತು ಆರೈಕೆ

ಕೊಪ್ಪಳ, ರಾಯಚೂರು ಕಡೆಯ ಕಚೇರಿ, ಕಾಲೇಜು, ಅತಿಥಿಗೃಹಗಳ ಹುಲ್ಲುಹಾಸಿಗೆ ವರ್ಷದಲ್ಲಿ ಎರಡು ಗಡುವುಗಳಿವೆ: ಆಗಸ್ಟ್ 15ರ ಧ್ವಜಾರೋಹಣ ಮತ್ತು ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ. ಬೇಸಿಗೆಯಿಡೀ ಶೆಡ್ಡಿನ ಮೂಲೆಯಲ್ಲಿ ದೂಳು ಹಿಡಿದು ನಿಂತ ಯಂತ್ರವನ್ನು ಕಾರ್ಯಕ್ರಮಕ್ಕೆ ಎರಡು ದಿನ ಉಳಿದಿರುವಾಗ ಹೊರಗೆಳೆದು, ಹಳೆಯ ಪೆಟ್ರೋಲಿನಲ್ಲೇ ಚಾಲೂ ಮಾಡಿ, ಮಳೆಗೆ ಮೊಣಕಾಲೆತ್ತರ ಬೆಳೆದ ಒದ್ದೆ ಹುಲ್ಲಿಗೆ ಒಮ್ಮೆಲೇ ನುಗ್ಗಿಸುವುದು ರೂಢಿಯಾಗಿಬಿಟ್ಟಿದೆ. ಕೊಪ್ಪಳ ಜಿಲ್ಲೆಯ ಒಂದು ಶಿಕ್ಷಣ ಸಂಸ್ಥೆಯ ತೋಟದ ಉಸ್ತುವಾರಿಯಲ್ಲಿದ್ದ ವರ್ಷಗಳಲ್ಲಿ ನಾನು ಕಂಡ ಕೆಟ್ಟುನಿಂತ ಯಂತ್ರಗಳು, ಕೈಕಾಲಿನ ಗಾಯಗಳು ಬಹುಪಾಲು ಈ ಗಡಿಬಿಡಿಯ ದಿನಗಳಿಗೆ ಸೇರಿದವು. ಇಲ್ಲಿ ಹೇಳಹೊರಟಿರುವುದು 21 ಇಂಚು ಅಗಲ ಕತ್ತರಿಸುವ, ಹಿಂದಿನ ಚಕ್ರಗಳು ಎಂಜಿನ್ನಿನ ಬಲದಿಂದ ಉರುಳುವ, ಹಿಂದೆ ನಡೆದುಕೊಂಡು ಹೋಗಿ ಕೆಲಸ ಮಾಡಿಸುವ ಪೆಟ್ರೋಲ್ ಯಂತ್ರದ ಕುರಿತು. ಇದಕ್ಕಿಂತ ಅಗಲವಾದ ದೊಡ್ಡ ಯಂತ್ರಗಳಿಗೂ ಹೆಚ್ಚಿನ ಮಾತುಗಳು ಅನ್ವಯಿಸುತ್ತವೆ.

ಮೊದಲು ಒಂದು ಲೆಕ್ಕ ನೋಡಿ. 21 ಇಂಚಿನ ಬ್ಲೇಡ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ ಸುಮಾರು 84 ಮೀಟರ್, ಅಂದರೆ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುತ್ತದೆ. ಹುಣಸೆ ಬೀಜದಷ್ಟಿರುವ ಬೆಣಚುಕಲ್ಲು ಆ ತುದಿಗೆ ತಾಗಿದರೆ ಕವಣೆಯ ಕಲ್ಲಿಗಿಂತ ಜೋರಾಗಿ ಹಾರುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಬಹಳಷ್ಟು ಈ ಒಂದು ಲೆಕ್ಕದಿಂದಲೇ ಹುಟ್ಟಿದವು.

ಲಿವರಿಗೆ ತಂತಿ ಕಟ್ಟಬೇಡಿ

ಹಿಡಿಕೆಗೆ ಹೊಂದಿಕೊಂಡಂತೆ ಅಡ್ಡಕಂಬಿಯಂಥ ಒಂದು ಲಿವರ್ ಇರುತ್ತದೆ. ಅದನ್ನು ಒತ್ತಿ ಹಿಡಿದಿರುವವರೆಗೆ ಮಾತ್ರ ಬ್ಲೇಡ್ ತಿರುಗಬೇಕು. ಕೈ ಬಿಟ್ಟರೆ ನಿಲ್ಲಬೇಕು. ಅಮೆರಿಕದಲ್ಲಿ 1982ರಲ್ಲಿ ಜಾರಿಗೆ ಬಂದ ಸುರಕ್ಷತಾ ನಿಯಮವು ಮನೆಬಳಕೆಯ ಇಂಥ ಯಂತ್ರಗಳಲ್ಲಿ ಕೈ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕೆಂದು ವಿಧಿಸಿತು, ಮತ್ತು ಅದೇ ಅಳತೆಯನ್ನು ನಾವು ದಿನದ ಪರೀಕ್ಷೆಯಾಗಿ ಬಳಸಬಹುದು. ಬೆಳಿಗ್ಗೆ ಯಂತ್ರ ಚಾಲೂ ಮಾಡಿದ ಮೇಲೆ ಹುಲ್ಲಿಗೆ ಒಯ್ಯುವ ಮುಂಚೆ ಲಿವರ್ ಬಿಟ್ಟು ಒಂದು, ಎರಡು, ಮೂರು ಎಂದು ಎಣಿಸಿ. ಮೂರಾದ ಮೇಲೂ ತಿರುಗುತ್ತಿದ್ದರೆ ಬ್ರೇಕ್ ಸವೆದಿದೆ ಅಥವಾ ಕೇಬಲ್ ಸಡಿಲವಾಗಿದೆ ಎಂದು ತಿಳಿದು, ಅಂದಿನ ಕೆಲಸವನ್ನು ನಿಲ್ಲಿಸಿ ಮೊದಲು ಅದನ್ನು ಸರಿಪಡಿಸಬೇಕು.

ನಮ್ಮಲ್ಲಿ ಮಾತ್ರ ಈ ಲಿವರನ್ನು ಬೈಂಡಿಂಗ್ ತಂತಿಯಿಂದಲೋ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದಲೋ ಹಿಡಿಕೆಗೆ ಬಿಗಿದುಬಿಡುತ್ತಾರೆ. ಇದಕ್ಕೆ ಮಾಲಿಗಳನ್ನು ಬೈದು ಪ್ರಯೋಜನವಿಲ್ಲ, ಏಕೆಂದರೆ ದಿನಕ್ಕೆ ಐದಾರು ತಾಸು ಗಟ್ಟಿ ಲಿವರನ್ನು ಒತ್ತಿ ಹಿಡಿದವರ ಬೆರಳು ಮರುದಿನ ಮಡಚಲಿಕ್ಕೆ ಬರುವುದಿಲ್ಲ. ಲಿವರ್ ಗಟ್ಟಿಯಾಗುವುದು ಸಾಮಾನ್ಯವಾಗಿ ಕೇಬಲ್ಲಿನ ಹೊದಿಕೆಯೊಳಗೆ ದೂಳು ಮತ್ತು ತುಕ್ಕು ಸೇರಿದಾಗ. ತಿಂಗಳಿಗೊಮ್ಮೆ ಕೇಬಲ್ಲಿನ ಮೇಲ್ತುದಿಯಿಂದ ನಾಲ್ಕು ಹನಿ ತೆಳು ಎಣ್ಣೆ ಇಳಿಸಿ, ಆದರೂ ಬಿಗಿಯಾಗಿದ್ದರೆ ಕೇಬಲ್ ಬದಲಿಸಿ, ಅರ್ಧ ಗಂಟೆಗೊಮ್ಮೆ ಆಳು ಬದಲಾಯಿಸಿದರೆ ತಂತಿ ಕಟ್ಟುವ ಅಗತ್ಯವೇ ಬೀಳುವುದಿಲ್ಲ. ಕೆಲವು ವಾಣಿಜ್ಯ ಯಂತ್ರಗಳಲ್ಲಿ ಲಿವರ್ ಬಿಟ್ಟಾಗ ಬ್ಲೇಡ್ ಮಾತ್ರ ನಿಂತು ಎಂಜಿನ್ ಓಡುತ್ತಲೇ ಇರುತ್ತದೆ. ಬುಟ್ಟಿ ಖಾಲಿ ಮಾಡುವಾಗ ಇದು ಅನುಕೂಲ, ಆದರೆ ಬ್ಲೇಡಿನ ಹತ್ತಿರ ಕೈ ಹಾಕಲು ಅದು ಅಪ್ಪಣೆಯೆಂದು ತಿಳಿಯಬಾರದು.

ನೆಲ ನೋಡುವುದು

ಉಡುಪಿನ ವಿಷಯ ಚಿಕ್ಕದು: ಬೆರಳು ಮುಚ್ಚುವ ಗಟ್ಟಿ ಬೂಟು, ಉದ್ದನೆಯ ಪ್ಯಾಂಟು, ಕಣ್ಣಿಗೆ ಪಾರದರ್ಶಕ ಕನ್ನಡಕ, ಕಿವಿಗೆ ಬಿರಡೆ. ಹವಾಯಿ ಚಪ್ಪಲಿಯಲ್ಲಿ ಹುಲ್ಲು ಕತ್ತರಿಸುವವರನ್ನು ಕಂಡಾಗಲೆಲ್ಲ ನನ್ನ ಕಾಲ್ಬೆರಳು ತಾವಾಗಿ ಮುದುಡಿಕೊಳ್ಳುತ್ತವೆ. ಸೀರೆಯ ಮೇಲೆ ಅಂಗಿ ತೊಟ್ಟು ತೋಟದ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಈ ಯಂತ್ರ ಕೊಡುವ ಸಂಸ್ಥೆ ಅದರ ಜೊತೆಗೇ ಪ್ಯಾಂಟು, ಬೂಟುಗಳನ್ನೂ ಕೊಡಬೇಕು.

ನೆಲದ ವಿಷಯ ದೊಡ್ಡದು. ಯಂತ್ರ ಹೊರತೆಗೆಯುವ ಮೊದಲು ಇಡೀ ಹುಲ್ಲುಹಾಸನ್ನು ಕೋಲು ಹಿಡಿದು ನಡೆದು ನೋಡಬೇಕು. ಕೋಲು ಏಕೆಂದರೆ ಮಳೆಗಾಲದಲ್ಲಿ ಎತ್ತರದ ಹುಲ್ಲಿನಲ್ಲಿ ಹಾವಿರುವುದು ನಮ್ಮಲ್ಲಿ ಅಪರೂಪವೇನಲ್ಲ. ಕಾರ್ಯಕ್ರಮ ಮುಗಿದ ಮೈದಾನದಲ್ಲಿ ಪೆಂಡಾಲಿನ ಗೂಟ, ಮೊಳೆ, ಬಾವುಟದ ಕಡ್ಡಿ, ಫ್ಲೆಕ್ಸ್ ಕಟ್ಟಿದ ತಂತಿಯ ತುಂಡುಗಳು ಹುಲ್ಲಿನೊಳಗೆ ಹೂತುಹೋಗಿರುತ್ತವೆ. ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಮೂತಿಗಳ ಪಕ್ಕದಲ್ಲಿ ಕೆಂಪು ಬಟ್ಟೆ ಕಟ್ಟಿದ ಕಡ್ಡಿ ಚುಚ್ಚಿಟ್ಟರೆ ಗುರುತು ತಪ್ಪುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಬಳ್ಳಾರಿ ಜಾಲಿಯ ಬುಡ. ಮೇಲೆ ಕಡಿದುಹಾಕಿದರೂ ನೆಲದಿಂದ ಎರಡು ಇಂಚು ಉಳಿದ ಅದರ ಮೋಟು ಕರಿಕೆಯ ನಡುವೆ ಕಾಣಿಸದೆ ಕುಳಿತಿರುತ್ತದೆ.

ಅಂಥ ಮೋಟೊಂದಕ್ಕೆ ನಾನೇ ಒಮ್ಮೆ ಯಂತ್ರ ಹಾಯಿಸಿದ್ದೆ. ಟಣ್ ಎಂಬ ಒಂದೇ ಸದ್ದಿಗೆ ಎಂಜಿನ್ ನಿಂತಿತು. ಮತ್ತೆ ಚಾಲೂ ಮಾಡುವ ಹಗ್ಗ ಎಳೆದಾಗ ಹಿಡಿ ಕೈಯಿಂದ ಕಿತ್ತುಕೊಂಡು ವಾಪಸು ಜಿಗಿಯಿತು. ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಸರಿಯಿತ್ತು, ಪೆಟ್ರೋಲ್ ಬರುತ್ತಿತ್ತು, ಆದರೂ ಚಾಲೂ ಆಗಲಿಲ್ಲ. ಮೇಲಿನ ಕವಚ ಬಿಚ್ಚಿ, ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲ್ ಎತ್ತಿದಾಗ ಅದನ್ನು ಶಾಫ್ಟಿಗೆ ಕೂಡಿಸುವ, ಉಗುರಿನಷ್ಟಗಲದ ಮೆದು ಲೋಹದ ಕೀ ಅರ್ಧಕ್ಕೆ ಜಾರಿ ಕತ್ತರಿಸಿದಂತಾಗಿತ್ತು. ಹೊಡೆತ ಬಿದ್ದಾಗ ತಾನು ಮುರಿದು ಶಾಫ್ಟನ್ನು ಉಳಿಸಲಿ ಎಂಬುದಕ್ಕೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಅದು ಜರುಗಿದರೆ ಕಿಡಿ ಹಾರುವ ಹೊತ್ತು ತಪ್ಪುತ್ತದೆ. ಕೀ ಬದಲಿಸುವುದು ಅಗ್ಗದ ಕೆಲಸ. ಶಾಫ್ಟೇ ಬಾಗಿದ್ದರೆ ಹಿಡಿಕೆ ಗಡಗಡ ನಡುಗುತ್ತದೆ, ಮತ್ತು ಹಾಗೆ ನಡುಗುವ ಯಂತ್ರವನ್ನು ಒಂದು ನಿಮಿಷವೂ ಓಡಿಸಬಾರದು.

ಪೆಟ್ರೋಲ್ ಹಾಕಿ ಚಾಲೂ ಮಾಡುವುದು

ಪೆಟ್ರೋಲನ್ನು ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಹುಲ್ಲಿನಿಂದ ದೂರ, ಬೀಡಿ ಸಿಗರೇಟಿನ ಸುಳಿವಿಲ್ಲದ ಕಡೆ ತುಂಬಿಸಿ. ಮಧ್ಯೆ ಖಾಲಿಯಾದರೆ ಕನಿಷ್ಠ ಹತ್ತು ಹದಿನೈದು ನಿಮಿಷ ಎಂಜಿನ್ ಆರಲು ಬಿಡಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಹೆಚ್ಚು. ಟ್ಯಾಂಕಿನ ಕಂಠದವರೆಗೆ ತುಂಬದೆ ಒಂದು ಇಂಚು ಬಿಡುವುದು ಒಳ್ಳೆಯದು. ಶೆಡ್ಡಿನೊಳಗೆ ಎಂಜಿನ್ ಓಡಿಸಲೇಬಾರದು, ಏಕೆಂದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತಿರುತ್ತದೆ, ಸಣ್ಣ ಎಂಜಿನ್ನುಗಳ ಹಲವು ಕೈಪಿಡಿಗಳು ಶೇ 10ಕ್ಕಿಂತ ಹೆಚ್ಚು ಬೇಡ ಎನ್ನುತ್ತವೆ. ಹೀಗಾಗಿ ನಿಮ್ಮ ಯಂತ್ರದ ಕೈಪಿಡಿಯನ್ನು ನೋಡಿಕೊಂಡು, ವಾರಕ್ಕೆ ಸಾಕಾಗುವಷ್ಟನ್ನೇ ತಂದು, ರಬ್ಬರ್ ನಳಿಕೆ ಮೆತ್ತಗಾಗಿದೆಯೇ ಬಿರಿದಿದೆಯೇ ಎಂದು ಆಗಾಗ ಹಿಸುಕಿ ನೋಡಬೇಕು. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ; ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಕಾರ್ಬ್ಯುರೇಟರಿನ ಸಣ್ಣ ರಂಧ್ರದಲ್ಲಿ ಅಂಟಾಗಿ ಕಟ್ಟಿಕೊಳ್ಳುತ್ತದೆ. ಆಗಸ್ಟ್ 13ರಂದು ಹಗ್ಗ ಎಳೆದೆಳೆದು ಭುಜ ನೋಯಿಸಿಕೊಳ್ಳುವುದಕ್ಕೆ ಮುಖ್ಯ ಕಾರಣ ಇದೇ.

ನಡೆಸುವುದು

ಒದ್ದೆ ಹುಲ್ಲಿನಲ್ಲಿ ಕಾಲು ಜಾರುತ್ತದೆ, ಹುಲ್ಲು ಮುದ್ದೆಯಾಗಿ ಡೆಕ್ಕಿನೊಳಗೆ, ಅಂದರೆ ಬ್ಲೇಡನ್ನು ಮುಚ್ಚಿರುವ ಕವಚದೊಳಗೆ, ಅಂಟುತ್ತದೆ. ಎರೆಮಣ್ಣಿನ ನೆಲವಾದರೆ ಚಕ್ರವೂ ಹೂಳುತ್ತದೆ. ಮಳೆಗಾಲದಲ್ಲಿ ಇಬ್ಬನಿ ಆರಿದ ಮೇಲೆ, ಬೇಸಿಗೆಯಲ್ಲಿ ಎಂಟೂವರೆಯ ಒಳಗೆ ಅಥವಾ ಸಂಜೆ ಇಳಿಹೊತ್ತಿನಲ್ಲಿ ಕೆಲಸ ಇಟ್ಟುಕೊಳ್ಳಿ. ಮೊಣಕಾಲೆತ್ತರ ಬೆಳೆದದ್ದನ್ನು ಒಂದೇ ಸಲಕ್ಕೆ ಇಳಿಸಬಾರದು. ಇರುವ ಎತ್ತರದ ಮೂರನೇ ಒಂದು ಭಾಗ ಮಾತ್ರ ತೆಗೆದು, ಎರಡು ಮೂರು ದಿನ ಬಿಟ್ಟು ಮತ್ತೆ ತೆಗೆದರೆ ಎಂಜಿನ್ನಿಗೂ ಹೊರೆಯಿಲ್ಲ, ಹುಲ್ಲೂ ಹಳದಿ ತಿರುಗುವುದಿಲ್ಲ. ಆಗಸ್ಟ್ 15ಕ್ಕೆ ಮೈದಾನ ಸಜ್ಜಾಗಬೇಕಾದರೆ ಆಗಸ್ಟ್ ಮೊದಲ ವಾರವೇ ಕೆಲಸ ಹಿಡಿಯಬೇಕೆಂದು ಮೇಲಿನವರಿಗೆ ಹೇಳಲು ಈ ಲೆಕ್ಕ ಸಾಕು.

ಯಂತ್ರವನ್ನು ಮುಂದಕ್ಕೆ ತಳ್ಳುತ್ತ ಹೋಗಬೇಕು, ನಿಮ್ಮ ಕಡೆಗೆ ಎಳೆದುಕೊಳ್ಳಬಾರದು. ಹಿಂದೆ ಹೆಜ್ಜೆಯಿಡುವಾಗ ಎಡವಿ ಬಿದ್ದರೆ ಯಂತ್ರ ಪಾದದ ಮೇಲೆಯೇ ಬರುತ್ತದೆ. ಹಿಂದೆ ಸರಿಯಲೇಬೇಕಾದರೆ ಲಿವರ್ ಬಿಟ್ಟು, ಹಿಂದೆ ತಿರುಗಿ ನೋಡಿ ಎಳೆಯಿರಿ. ಕಾಲುವೆ ಏರಿಯಂಥ ಇಳಿಜಾರಿನಲ್ಲಿ, ನಾವು ಹಿಂದೆ ನಡೆದು ಓಡಿಸುವ ಈ ಯಂತ್ರವನ್ನು ಅಡ್ಡಡ್ಡ ಓಡಿಸಬೇಕೇ ಹೊರತು ಮೇಲೆ ಕೆಳಗೆ ಓಡಿಸಬಾರದು. 15 ಡಿಗ್ರಿಗಿಂತ ಕಡಿದಾಗಿದ್ದರೆ, ಅಂದರೆ ಹತ್ತು ಅಡಿ ಅಗಲಕ್ಕೆ ಎರಡೂ ಮುಕ್ಕಾಲು ಅಡಿ ಏರಿದ್ದರೆ, ಕುಡುಗೋಲೇ ವಾಸಿ. ಮಕ್ಕಳು, ನಾಯಿಗಳು, ಕುತೂಹಲದಿಂದ ನಿಂತು ನೋಡುವವರು ಎಲ್ಲರೂ ಐವತ್ತು ಅಡಿಯಾಚೆ ಇರಬೇಕು. ಹುಲ್ಲು ಹೊರಬೀಳುವ ಬಾಯಿಯ ಮುಚ್ಚಳವನ್ನು ಕಿತ್ತು ಓಡಿಸುವುದು ಕಲ್ಲು ತೂರುವ ಯಂತ್ರ ಇಟ್ಟುಕೊಂಡಂತೆ.

ಡೆಕ್ಕಿನೊಳಗೆ ಹುಲ್ಲು ಕಟ್ಟಿಕೊಂಡಾಗಲೇ ಹೆಚ್ಚಿನ ಬೆರಳುಗಳು ಹೋಗುವುದು. ಎಂಜಿನ್ ನಿಲ್ಲಿಸಿ, ಬ್ಲೇಡ್ ಪೂರ್ತಿ ನಿಂತದ್ದನ್ನು ಖಚಿತಪಡಿಸಿಕೊಂಡು, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು ದೂರಕ್ಕೆ ಸರಿಸಿ, ಆಮೇಲೆ ಕೋಲಿನಿಂದ ತೆಗೆಯಿರಿ. ಕ್ಯಾಪ್ ಕೀಳುವುದೇಕೆಂದರೆ ಬ್ಲೇಡನ್ನು ಕೈಯಿಂದ ತಿರುಗಿಸಿದರೂ ಎಂಜಿನ್ ಒಂದು ಸಲ ಹೊತ್ತಿಕೊಂಡು ಒದೆಯಬಲ್ಲದು, ಒಂದು ಸಲ ಸಾಕು.

ಆರೈಕೆ

ನಮ್ಮ ಭಾಗದಲ್ಲಿ ಯಂತ್ರದ ಆಯುಷ್ಯ ನಿರ್ಧರಿಸುವುದು ಏರ್ ಫಿಲ್ಟರ್. ಕೈಪಿಡಿಗಳು ಸಾಮಾನ್ಯವಾಗಿ 25 ಗಂಟೆಗೊಮ್ಮೆ ಸ್ವಚ್ಛಗೊಳಿಸಿ, ದೂಳಿನ ಕಡೆ ಇನ್ನೂ ಬೇಗ ಎನ್ನುತ್ತವೆ. ಆ ಕೊನೆಯ ಮಾತು ನಮ್ಮನ್ನು ಕುರಿತೇ ಬರೆದಂತಿದೆ. ಮಸಾರಿ ನೆಲದ ಕೆಂಪು ದೂಳಾಗಲಿ, ಅದಿರು ಲಾರಿಗಳು ಓಡಾಡುವ ರಸ್ತೆಯ ದೂಳಾಗಲಿ ಸಿಲಿಂಡರಿನೊಳಗೆ ಹೋದರೆ ಸಾಣೆ ಹಿಡಿದಂತೆ ಪಿಸ್ಟನ್ನಿನ ಉಂಗುರಗಳನ್ನು ಸವೆಸುತ್ತದೆ, ಆಮೇಲೆ ಎಂಜಿನ್ ಎಣ್ಣೆ ಕುಡಿದು ನೀಲಿ ಹೊಗೆ ಕಾರುತ್ತದೆ. ನಾನು ದಿನದ ಕೆಲಸ ಮುಗಿದ ಮೇಲೆ ಫಿಲ್ಟರ್ ಮುಚ್ಚಳ ತೆಗೆದು ನೋಡುವ ಅಭ್ಯಾಸ ಮಾಡಿಸಿದ್ದೆ. ಸ್ಪಂಜಿನಂಥದ್ದಾದರೆ ಸಾಬೂನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಕೈಪಿಡಿ ಹೇಳಿದ್ದರೆ ಕೆಲವು ಹನಿ ಎಂಜಿನ್ ಆಯಿಲ್ ಸವರಿ ಹಿಂಡಿ ಕೂಡಿಸಿ. ಕಾಗದದ್ದಾದರೆ ಮೆಲ್ಲಗೆ ತಟ್ಟಿ ದೂಳುದುರಿಸಿ. ಕಂಪ್ರೆಸರ್ ಗಾಳಿ ಹೊಡೆದರೆ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಫಿಲ್ಟರ್ ಇಲ್ಲದೆ ಐದು ನಿಮಿಷವೂ ಓಡಿಸಬೇಡಿ. ಅದೇ ಸಮಯಕ್ಕೆ ಸಿಲಿಂಡರ್ ಸುತ್ತಲಿನ ರೆಕ್ಕೆಗಳ ನಡುವೆ ಸಿಕ್ಕಿದ ಒಣಹುಲ್ಲನ್ನು ಬ್ರಷ್ಷಿನಿಂದ ತೆಗೆಯಬೇಕು, ಏಕೆಂದರೆ ಈ ಎಂಜಿನ್ ತಣ್ಣಗಾಗುವುದು ಗಾಳಿಯಿಂದಲೇ.

ಆಯಿಲ್ ಮಟ್ಟವನ್ನು ಪ್ರತಿ ಬೆಳಿಗ್ಗೆ ಸಮನೆಲದ ಮೇಲೆ ನಿಲ್ಲಿಸಿ ಡಿಪ್‌ಸ್ಟಿಕ್ಕಿನಲ್ಲಿ ನೋಡಿ. ಹೊಸ ಎಂಜಿನ್ನಿನಲ್ಲಿ ಮೊದಲ ಐದರಿಂದ ಎಂಟು ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ, ಬೇಸಿಗೆಯ ಕೆಲಸವಿದ್ದರೆ 25 ಗಂಟೆಗೊಮ್ಮೆ ಬದಲಿಸುವುದು ಸರಿ. ಹಿಡಿಯುವುದು ಅರ್ಧ ಲೀಟರಿನ ಆಸುಪಾಸು ಮಾತ್ರ, ಅದರಲ್ಲಿ ಉಳಿಸಲು ಹೋಗಬಾರದು. ಸದಾ ಬಿಸಿಯಿರುವ ನಮ್ಮ ಸೀಮೆಗೆ ಎಸ್‌ಎಇ 30 ದರ್ಜೆಯ ಆಯಿಲ್ ಹೊಂದುತ್ತದೆ. 10ಡಬ್ಲ್ಯು-30 ಆದರೆ ಹೆಚ್ಚು ಸೆಕೆಯಲ್ಲಿ ಸ್ವಲ್ಪ ಬೇಗ ಖರ್ಚಾಗುತ್ತದೆ. ಪ್ಲಗ್ಗಿನ ಸಂದು ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್, 100 ಗಂಟೆಗೊಮ್ಮೆ ಹೊಸದು ಹಾಕಿ.

ಬ್ಲೇಡ್ ಬಿಚ್ಚುವಾಗ ಪ್ಲಗ್ ಕ್ಯಾಪ್ ತೆಗೆದು, ಟ್ಯಾಂಕಿನ ಪೆಟ್ರೋಲ್ ಇಳಿಸಿ, ಏರ್ ಫಿಲ್ಟರ್ ಇರುವ ಬದಿ ಮೇಲೆ ಬರುವಂತೆ ಯಂತ್ರವನ್ನು ಒರಗಿಸಿ. ತಪ್ಪು ಬದಿಗೆ ಒರಗಿಸಿದರೆ ಆಯಿಲ್ ಹರಿದು ಫಿಲ್ಟರನ್ನು ನೆನೆಸುತ್ತದೆ. ದಪ್ಪ ಕೈಗವಸು ತೊಟ್ಟು, ಬ್ಲೇಡ್ ತಿರುಗದಂತೆ ಡೆಕ್ಕಿಗೂ ಅದಕ್ಕೂ ನಡುವೆ ಕಟ್ಟಿಗೆಯ ತುಂಡು ಕೊಟ್ಟು ಪಾನಾ ಹಾಕಿ. ಹರಿತ ಮಾಡಲು ಅರ ಸಾಕು: ಮೊದಲಿದ್ದ ಸುಮಾರು 30 ಡಿಗ್ರಿ ಕೋನವನ್ನೇ ಉಳಿಸಿ, ಎರಡೂ ತುದಿಗೆ ಸರಿಸಮ ಸಲ ಎಳೆಯಿರಿ. ಗ್ರೈಂಡರಿನಲ್ಲಿ ಹಿಡಿದರೆ ಅಂಚು ನೀಲಿಯಾಗುವಷ್ಟು ಕಾಯಿಸಬೇಡಿ, ಕಾದ ಉಕ್ಕಿನ ಹದ ಹೋಗುತ್ತದೆ. ಅನಂತರ ಗೋಡೆಗೆ ಹೊಡೆದ ಮೊಳೆಗೆ ಬ್ಲೇಡಿನ ನಡುತೂತನ್ನು ತೂಗುಹಾಕಿ. ಯಾವ ಬದಿ ಕೆಳಗಿಳಿಯುತ್ತದೋ ಆ ಬದಿಯನ್ನು ಇನ್ನಷ್ಟು ಅರದಿಂದ ಉಜ್ಜಿ, ತಕ್ಕಡಿಯಂತೆ ಸಮ ನಿಲ್ಲುವವರೆಗೆ ಸರಿಮಾಡಿ. ಮರಳು ಮಿಶ್ರಿತ ನೆಲದಲ್ಲಿ ಬ್ಲೇಡಿನ ಹಿಂಬದಿಯ ಮೇಲೆದ್ದ ರೆಕ್ಕೆ ಸವೆದು ತೆಳುವಾಗುತ್ತದೆ. ಅಲ್ಲಿ ಬಿರುಕು ಅಥವಾ ಸೀಳು ಕಂಡರೆ ಬ್ಲೇಡನ್ನು ಗುಜರಿಗೆ ಹಾಕಿ, ಬೆಸುಗೆ ಹಾಕಿಸಬೇಡಿ. ಮರಳಿ ಕೂಡಿಸುವಾಗ ಆ ರೆಕ್ಕೆ ಡೆಕ್ಕಿನ ಕಡೆ ಮುಖ ಮಾಡಿರಬೇಕು, ಬೋಲ್ಟನ್ನು ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ಪಾನಾದಿಂದ ಬಿಗಿಯಬೇಕು.

ಆಯುಧಪೂಜೆಯ ದಿನ ಈ ಯಂತ್ರಕ್ಕೂ ಕುಂಕುಮ, ಚೆಂಡುಹೂವು ಸಲ್ಲುತ್ತವೆ, ಸಲ್ಲಲಿ. ಆದರೆ ಹಿಂದಿನ ಸಂಜೆ ಪೈಪು ಹಿಡಿದು ಜೋರು ನೀರಿನಲ್ಲಿ ಎಂಜಿನ್ ತೊಳೆಯುವುದರಿಂದ ಫಿಲ್ಟರಿಗೂ ಬೇರಿಂಗಿಗೂ ನೀರಿಳಿಯುತ್ತದೆ. ಮೇಲ್ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಡೆಕ್ಕಿನ ಒಳಗನ್ನು ಮರದ ಚಕ್ಕೆಯಿಂದ ಕೆರೆದರೆ ಸಾಕು. ಮಳೆ ನಿಂತು ಹುಲ್ಲಿನ ಬೆಳವಣಿಗೆ ಕುಂಠಿತವಾಗುವ ನವೆಂಬರ್, ಡಿಸೆಂಬರ್ ಹೊತ್ತಿಗೆ, ಮೂವತ್ತು ದಿನಕ್ಕಿಂತ ಹೆಚ್ಚು ಕೆಲಸವಿಲ್ಲ ಎನಿಸಿದಾಗ, ಟ್ಯಾಂಕ್ ಖಾಲಿ ಮಾಡಿ, ಉಳಿದ ಪೆಟ್ರೋಲ್ ತೀರುವವರೆಗೆ ಬಯಲಿನಲ್ಲಿ ಎಂಜಿನ್ ಓಡಿಸಿ ನಿಲ್ಲಿಸಿ, ಪ್ಲಗ್ ತೆಗೆದು ಒಂದು ಚಮಚ ಆಯಿಲ್ ಬಿಟ್ಟು ಹಗ್ಗವನ್ನು ಎರಡು ಸಲ ಮೆಲ್ಲಗೆ ಎಳೆದು ಪ್ಲಗ್ ಕೂಡಿಸಿ. ಮೇಲೆ ಗೋಣಿಚೀಲ ಹೊದಿಸಿ, ಅದರ ಮೇಲೆ ಎಷ್ಟು ಗಂಟೆ ಓಡಿದೆ, ಆಯಿಲ್ ಯಾವಾಗ ಬದಲಾಯಿತು ಎಂದು ಬರೆದ ಚೀಟಿ ಕಟ್ಟಿಟ್ಟರೆ ಮುಂದಿನ ಜುಲೈನಲ್ಲಿ ಅದನ್ನು ತೆಗೆಯುವವರು ಬೇರೆಯವರೇ ಆಗಿದ್ದರೂ ಕೆಲಸ ಎಲ್ಲಿಂದ ಹಿಡಿಯಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.